ರಟ್ಟೆಯೂ ನಾಲಗೆಯೂ

ಕಾಫಿ ತೋಟದ ಕೂಲಿ ಮುಗಿಸಿ ಮನೆಗೆ ಬಂದ ತಂದೆ, ಆ ರಾತ್ರಿ ಮತ್ತೆ ಹೊರಡುವುದಕ್ಕೆ ಮುಂಚೆ, ಪ್ರಾಯಕ್ಕೆ ಬಂದ ಮಗನಿಗೆ ಹೇಳುವ ಒಂದು ಮಾತಿನ ಮೇಲೆ ‘ಎಲ್ ನೋರ್ತೆ’ ಎಂಬ ಚಲನಚಿತ್ರದ ಭಾರವೆಲ್ಲವೂ ನಿಂತಿದೆ. ತಾನು ಹಲವೆಡೆ ದುಡಿದವನು. ಎಲ್ಲಿ ಹೋದರೂ ಕಂಡದ್ದು ಒಂದೇ. ಧನಿಕನ ದೃಷ್ಟಿಯಲ್ಲಿ ಬಡ ರೈತನೆಂದರೆ ದುಡಿಯುವ ಎರಡು ರಟ್ಟೆಗಳೇ ಹೊರತು ಮತ್ತೇನೂ ಅಲ್ಲ. ಆ ರಟ್ಟೆಗಳೊಡನೆ ಹೃದಯವೊಂದು, ಪ್ರಾಣವೊಂದು ಇದೆಯೆಂಬುದನ್ನು ಅವರಿಗೆ ಮನಗಾಣಿಸುವುದಕ್ಕೇ ನಾವು ಒಟ್ಟುಗೂಡುತ್ತಿರುವುದು, ಎಂಬುದು ಆ ಮಾತಿನ ತಾತ್ಪರ್ಯ. ಹೇಳುವವನ ದನಿಯಲ್ಲಿ ಆವೇಶವಿಲ್ಲ. ಮಗನಿಗೆ ಬೇಸಾಯದ ಹದವನ್ನು ತಿಳಿಸಿಕೊಡುವ ತಂದೆಯ ಸಮಾಧಾನವೇ ಅಲ್ಲಿರುವುದು. ನಮ್ಮ ಕನ್ನಡದಲ್ಲಿ ‘ಆಳು’ ಎಂಬ ಒಂದೇ ಪದ ಮನುಷ್ಯನೆಂಬ ಅರ್ಥದಲ್ಲಿಯೂ ಕೂಲಿಯವನೆಂಬ ಅರ್ಥದಲ್ಲಿಯೂ ಸಲ್ಲುತ್ತದೆ. ನಾಟಿಗೆ ಹತ್ತಾಳು ಬೇಕು ಎಂದಾಗ ನಮಗೆ ಬೇಕಾದದ್ದು ಹತ್ತು ಮನುಷ್ಯರೋ ಹತ್ತು ಜೊತೆ ರಟ್ಟೆಗಳೋ ಎಂದು ನಾವು ನಿಂತು ಕೇಳಿಕೊಳ್ಳುವುದಿಲ್ಲ. ಈ ಚಿತ್ರವು ಎರಡು ಗಂಟೆಗೂ ಮಿಕ್ಕ ಕಾಲ ಆ ಪ್ರಶ್ನೆಯನ್ನು ಕೇಳುತ್ತಲೇ ಇರುತ್ತದೆ.

1983ರಲ್ಲಿ ಮೊದಲು ಪ್ರದರ್ಶಿತವಾದ ಈ ಚಿತ್ರದ ನಿರ್ದೇಶಕರು ಗ್ರೆಗರಿ ನಾವಾ; ಅವರೊಡನೆ ಕೂತು ಚಿತ್ರಕಥೆಯನ್ನು ಬರೆದು, ನಿರ್ಮಾಣದ ಹೊರೆಯನ್ನು ಹೊತ್ತವರು ಅವರ ಅಂದಿನ ಪತ್ನಿ ಆನಾ ಥಾಮಸ್. ನಾವಾ ಹುಟ್ಟಿದ್ದು ಮೆಕ್ಸಿಕೋ ಗಡಿಗೆ ಅಂಟಿಕೊಂಡ ಸಾನ್ ಡಿಯೇಗೊ ಪಟ್ಟಣದಲ್ಲಿ. ಗಡಿಯಾಚೆಯ ತಿಹುವಾನಾದಲ್ಲಿ ಅವರ ಬಂಧುಗಳಿದ್ದರಾದ್ದರಿಂದ, ಒಂದೇ ಮನೆತನವನ್ನು ಎರಡು ದೇಶಗಳಾಗಿ ಸೀಳುವ ಬೇಲಿಯನ್ನು ಅವರು ಬಾಲ್ಯದಿಂದಲೇ ಕಂಡವರು. ಆನಾ ಥಾಮಸರ ಹೆಸರು ಅಮೆರಿಕದ ಮನೆಗಳಲ್ಲಿ ಸಿನಿಮಾದಿಂದಲ್ಲದೆ ಬೇರೊಂದು ಕಾರಣದಿಂದ ಮೊದಲೇ ಪರಿಚಿತವಾಗಿತ್ತು: ವಿದ್ಯಾರ್ಥಿನಿಯಾಗಿದ್ದಾಗಲೇ ಅವರು ಬರೆದು 1972ರಲ್ಲಿ ಪ್ರಕಟಿಸಿದ ಸಸ್ಯಾಹಾರದ ಅಡುಗೆಯ ಪುಸ್ತಕವೊಂದು ಬಹುವಾಗಿ ಮಾರಾಟವಾಗಿತ್ತು.

ಎಲ್ ನೋರ್ತೆ ಎಂದರೆ ಸ್ಪ್ಯಾನಿಷಿನಲ್ಲಿ ಉತ್ತರ ದಿಕ್ಕು. ನಮ್ಮ ಹಿರಿಯರ ಮಾತಿನಲ್ಲಿ ಹೇಳುವುದಾದರೆ ಬಡಗು. ಮಧ್ಯ ಅಮೆರಿಕದ ಬಡವರ ಬಾಯಲ್ಲಿ ಆ ಮಾತು ದಿಕ್ಕಿನ ಹೆಸರಾಗಿ ಉಳಿಯದೆ ದೇಶದ ಹೆಸರಾಗಿಬಿಟ್ಟಿದೆ. ಬಡಗಣಕ್ಕೆ ಹೋದ ಎಂದರೆ ಅಮೆರಿಕಾ ಸಂಯುಕ್ತ ಸಂಸ್ಥಾನಕ್ಕೆ ಹೋದ ಎಂದೇ ಅರ್ಥ. ಕಥೆ ಮೂರು ಖಂಡಗಳಾಗಿ ನಡೆಯುತ್ತದೆ: ಮೊದಲನೆಯದಕ್ಕೆ ತಂದೆಯಾದ ಅರ್ತೂರೊ ಶುಂಕಾಶನ ಹೆಸರು, ಎರಡನೆಯದಕ್ಕೆ ‘ಕೊಯೋಟೆ’, ಎಂದರೆ ಹಣ ಪಡೆದು ಜನರನ್ನು ಕಳ್ಳದಾರಿಯಲ್ಲಿ ಗಡಿ ದಾಟಿಸುವವನು, ಮೂರನೆಯದಕ್ಕೆ ‘ಬಡಗು’. ಇದನ್ನು ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಭಾಷೆಗಳ ಚಿತ್ರವೆಂದು ವರ್ಣಿಸುವುದು ರೂಢಿ. ಆ ವರ್ಣನೆ ಸುಳ್ಳಲ್ಲವಾದರೂ ಅಪೂರ್ಣ. ಏಕೆಂದರೆ ಇವೆರಡರ ತಳದಲ್ಲಿ, ಕೆರೆಯ ತಳದ ಕಲ್ಲಿನಂತೆ, ಮೂರನೆಯ ಭಾಷೆಯೊಂದಿದೆ. ಅದು ಕಿಚೇ, ಗ್ವಾಟೆಮಾಲಾದ ಮಲೆನಾಡಿನಲ್ಲಿ ಬಾಳುವ ಮಾಯಾ ಜನರ ನುಡಿಗಳಲ್ಲೊಂದು. ಈ ಮೂರು ಭಾಷೆಗಳ ನಡುವಣ ಪಯಣವಾಗಿ ಚಿತ್ರವನ್ನು ನೋಡಿದವನಿಗೆ ಅದರ ದುಃಖ ಇನ್ನಷ್ಟು ಆಳವಾಗಿ ತಿಳಿಯುತ್ತದೆಂಬುದು ನನ್ನ ನಂಬಿಕೆ.

ಕಥೆಗೆ ಹೋಗುವ ಮುನ್ನ ಆ ನೆಲದ ವೃತ್ತಾಂತವನ್ನು ಸ್ವಲ್ಪ ತಿಳಿಯುವುದು ಅವಶ್ಯ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಗ್ವಾಟೆಮಾಲಾದಲ್ಲಿ ಕಾಫಿ ಬೆಳೆ ಹಬ್ಬಿದಂತೆಲ್ಲ ಮಾಯಾ ಗ್ರಾಮಗಳು ಸಮುದಾಯವಾಗಿ ಅನುಭವಿಸುತ್ತಿದ್ದ ಭೂಮಿ ತೋಟಗಾರರ ವಶವಾಗುತ್ತ ಬಂದಿತು. ಒಡೆಯರಾಗಿದ್ದವರು ತಮ್ಮದೇ ನೆಲದಲ್ಲಿ ಆಳುಗಳಾದರು. 1952ರಲ್ಲಿ ಅಧ್ಯಕ್ಷ ಹಾಕೊಬೊ ಆರ್ಬೆನ್ಸ್ ಭೂಸುಧಾರಣೆಯ ಶಾಸನವನ್ನು ತಂದು, ಬೀಳುಬಿಟ್ಟ ಜಮೀನುಗಳನ್ನು ಭೂಹೀನರಿಗೆ ಹಂಚತೊಡಗಿದರು. ಯುನೈಟೆಡ್ ಫ್ರೂಟ್ ಎಂಬ ಅಮೆರಿಕದ ಬಾಳೆಹಣ್ಣಿನ ಕಂಪನಿಯ ಬೀಳುಭೂಮಿಯೂ ಅದರಲ್ಲಿ ಸೇರಿತ್ತು. 1954ರ ಜೂನ್ ತಿಂಗಳಲ್ಲಿ, ಅಮೆರಿಕದ ಗೂಢಚರ್ಯೆಯ ಇಲಾಖೆಯಾದ ಸಿ.ಐ.ಎ. ಹೂಡಿದ ಸಂಚಿನಿಂದ, ಆ ಸರ್ಕಾರ ಉರುಳಿತು. 1960ರಲ್ಲಿ ಮೊದಲಾದ ಅಂತರ್ಯುದ್ಧ 1996ರವರೆಗೂ ನಿಲ್ಲಲಿಲ್ಲ. ಅದು ಮುಗಿದ ಮೇಲೆ ವಿಶ್ವಸಂಸ್ಥೆಯ ಆಶ್ರಯದಲ್ಲಿ ನೇಮಕವಾದ ಸತ್ಯಶೋಧನ ಆಯೋಗವು 1999ರಲ್ಲಿ ಕೊಟ್ಟ ವರದಿಯಂತೆ ಸತ್ತವರೂ ಕಾಣೆಯಾದವರೂ 2,00,000ಕ್ಕೂ ಹೆಚ್ಚು. ಗುರುತು ದೊರೆತವರ ಪೈಕಿ ಶೇಕಡಾ 83 ಮಂದಿ ಮಾಯಾ ಜನ. ದಾಖಲಾದ ಹಿಂಸೆಯಲ್ಲಿ ಶೇಕಡಾ 93 ಪಾಲು ಸರ್ಕಾರದ ಸೈನ್ಯವೂ ಅದರ ಜೊತೆಗಾರರೂ ಎಸಗಿದ್ದು. ಆ ಮೂವತ್ತಾರು ವರ್ಷಗಳಲ್ಲಿ ಅತಿ ಘೋರವಾದದ್ದು 1980ರ ಆಚೀಚಿನ ಕಾಲ. ಚಿತ್ರದ ಕಥೆ ನಡೆಯುವುದು ಆಗಲೇ. ಆಯೋಗದ ವರದಿ ಹೊರಬರುವುದಕ್ಕೆ ಹದಿನಾರು ವರ್ಷ ಮೊದಲೇ, ಹಳ್ಳಿಗಳ ಸುದ್ದಿ ಹೊರಜಗತ್ತಿಗೆ ತಲುಪುವುದೇ ದುಸ್ತರವಾಗಿದ್ದಾಗ, ಈ ದಂಪತಿಗಳು ಅದನ್ನು ತೆರೆಯ ಮೇಲೆ ತಂದರು.

ಸಾನ್ ಪೆದ್ರೊ ಎಂಬ ಹಳ್ಳಿಯಲ್ಲಿ ಅರ್ತೂರೊ ತನ್ನಂಥವರನ್ನು ರಾತ್ರಿ ಗುಟ್ಟಾಗಿ ಕೂಡಿಸುತ್ತಾನೆ, ಯಾರೋ ಸುಳಿವು ಕೊಡುತ್ತಾರೆ, ಸೈನಿಕರು ಬಂದೆರಗುತ್ತಾರೆ. ತಂದೆಯ ರುಂಡವನ್ನು ಮರಕ್ಕೆ ತೂಗುಹಾಕಿರುವುದನ್ನು ಮಗ ಎನ್ರಿಕೆ ಕಾಣುತ್ತಾನೆ. ಮರುದಿನ ತಾಯಿಯನ್ನೂ ನೆರೆಹೊರೆಯವರನ್ನೂ ಲಾರಿಗೆ ತುಂಬಿ ಒಯ್ಯುತ್ತಾರೆ. ಉಳಿದವರು ಎನ್ರಿಕೆ, ಅವನ ತಂಗಿ ರೋಸಾ, ಇಬ್ಬರೇ. ಮರದಲ್ಲಿ ತೂಗುವ ಆ ರುಂಡ ಬರಿಯ ಕ್ರೌರ್ಯದ ಚಿತ್ರವಲ್ಲ. ಕಿಚೇ ಜನರ ಪುರಾಣವಾದ ‘ಪೊಪೊಲ್ ವುಹ್’ ಗ್ರಂಥದಲ್ಲಿ ಅವಳಿ ವೀರರಾದ ಹುನಾಹ್ಪು, ಶ್ಬಲಾಂಕೆ ಇವರ ತಂದೆಯನ್ನು ಪಾತಾಳದ ಒಡೆಯರು ಕೊಂದು, ಅವನ ತಲೆಯನ್ನು ಮರವೊಂದರಲ್ಲಿ ಇಡುತ್ತಾರೆ. ಬಳಿಕ ಮಕ್ಕಳಿಬ್ಬರೂ ತಂದೆಯ ಹಾದಿ ಹಿಡಿದು ಪಾತಾಳಕ್ಕಿಳಿದು, ಒಂದಾದ ಮೇಲೊಂದು ಪರೀಕ್ಷೆಯನ್ನು ಗೆದ್ದು, ಕಡೆಗೆ ಸೂರ್ಯಚಂದ್ರರಾಗಿ ಆಕಾಶಕ್ಕೇರುತ್ತಾರೆ. ಈ ಪುರಾಣವನ್ನು ತಿಳಿದವನಿಗೆ ಅಣ್ಣತಂಗಿಯರ ಪಯಣ ಬೇರೆಯಾಗಿಯೇ ಕಾಣುತ್ತದೆ. ಅವಳಿ ವೀರರಿಗೆ ಪಾತಾಳದ ಆಚೆ ಆಕಾಶವಿತ್ತು. ಇವರಿಗೆ ಪಾತಾಳದ ಆಚೆ ಸಿಕ್ಕಿದ್ದು ಒಂದು ಮಹಾನಗರ.

ಇನ್ನು ಭಾಷೆಯ ಮಾತು. ಮನೆಯೊಳಗೆ ಕಿಚೇ ನುಡಿಯೂ ಸ್ಪ್ಯಾನಿಷೂ ಹಾಲುನೀರಿನಂತೆ ಬೆರೆತಿವೆ. ಅಲ್ಲಿ ಯಾರೂ ತಮ್ಮ ನುಡಿಗಾಗಿ ನಾಚುವುದಿಲ್ಲ, ಹೆಮ್ಮೆಪಡುವುದೂ ಇಲ್ಲ. ಉಸಿರಾಟದ ಬಗ್ಗೆ ಹೆಮ್ಮೆಪಡುವವರುಂಟೆ? ಹೊರಡುವ ಹೊತ್ತಿಗೆ ಮೊದಲ ಎಚ್ಚರಿಕೆ ಬರುತ್ತದೆ. ಹಿಂದೆ ಬಡಗಣಕ್ಕೆ ಹೋಗಿ ಬಂದಿದ್ದ ಊರಿನ ಹಿರಿಯನೊಬ್ಬ ಎನ್ರಿಕೆಗೆ ಬುದ್ಧಿ ಹೇಳುತ್ತಾನೆ: ಮೆಕ್ಸಿಕೋದಲ್ಲಿ ಯಾರು ಕೇಳಿದರೂ ವಾಹಾಕಾ ಪ್ರಾಂತದವನು ಎನ್ನು, ಅಲ್ಲಿಯೂ ನಮ್ಮಂಥ ಮೂಲನಿವಾಸಿಗಳು ಬಹಳ ಮಂದಿ ಇರುವುದರಿಂದ ಮುಖ ನೋಡಿ ಯಾರೂ ಸಂಶಯಪಡರು, ಆದರೆ ಮಾತಿನಲ್ಲಿ ಮೆಕ್ಸಿಕೋದವರ ಬೈಗುಳವನ್ನು ಹೆಜ್ಜೆಹೆಜ್ಜೆಗೂ ಸೇರಿಸಬೇಕು, ಇಲ್ಲದಿದ್ದರೆ ಸಿಕ್ಕಿಬೀಳುತ್ತೀಯೆ. ಸಭ್ಯವಾಗಿ ಬೆಳೆದ ಹುಡುಗನಿಗೆ ಪರದೇಶದಲ್ಲಿ ಬದುಕಲು ದೊರೆತ ಮೊದಲ ವಿದ್ಯೆ ಬೈಗುಳ.

ಈ ಉಪದೇಶ ಫಲಿಸುವ ದೃಶ್ಯವನ್ನು ನಿರ್ದೇಶಕರು ಬಹು ನಿಧಾನವಾಗಿ, ಸೂಕ್ಷ್ಮವಾಗಿ ಬಿಡಿಸಿದ್ದಾರೆ. ಮೊದಲ ಸಲ ಅಮೆರಿಕದ ಗಡಿ ದಾಟಲೆಳಸಿದಾಗ ಅಣ್ಣತಂಗಿಯರು ಗಡಿಯ ಪೊಲೀಸರ ಕೈಗೆ ಸಿಕ್ಕುತ್ತಾರೆ. ಬಿಳಿಯ ಅಧಿಕಾರಿ ಎದುರಿಗೆ ಕುಳಿತು ಪ್ರಶ್ನಿಸುತ್ತಾನೆ. ಗ್ವಾಟೆಮಾಲಾದವರೆಂದು ತಿಳಿದರೆ ಕಳುಹಿಸುವುದು ಗ್ವಾಟೆಮಾಲಾಕ್ಕೆ, ಎಂದರೆ ಸಾವಿನ ಬಾಗಿಲಿಗೆ. ಮೆಕ್ಸಿಕೋದವರೆಂದು ನಂಬಿದರೆ ಬಿಡುವುದು ಬೇಲಿಯಾಚೆಯ ತಿಹುವಾನಾದಲ್ಲಿ, ಎಂದರೆ ಮತ್ತೊಮ್ಮೆ ಪ್ರಯತ್ನಿಸುವ ಅವಕಾಶಕ್ಕೆ. ಎನ್ರಿಕೆ ಕಲಿತ ಬೈಗುಳವನ್ನು ಉಪ್ಪು ಹಾಕಿದಂತೆ ವಾಕ್ಯವಾಕ್ಯಕ್ಕೂ ಹಾಕುತ್ತಾನೆ. ಅಧಿಕಾರಿ ನಂಬುತ್ತಾನೆ. ಇಲ್ಲಿ ಪ್ರೇಕ್ಷಕನು ನಗುವುದುಂಟು. ಆದರೆ ಆ ನಗೆಯ ಹಿಂದೆಯೇ ಬರುವ ಅರಿವು ಕಠಿನವಾದದ್ದು. ಸತ್ಯವನ್ನು ಹೇಳಿದ್ದರೆ, ನನ್ನ ತಂದೆಯನ್ನು ಕೊಂದರು, ತಾಯಿಯನ್ನು ಒಯ್ದರು, ನಾವು ಜೀವ ಉಳಿಸಿಕೊಳ್ಳಲು ಬಂದವರು ಎಂದಿದ್ದರೆ, ಅವನಿಗೆ ರಕ್ಷಣೆ ದೊರೆಯುತ್ತಿರಲಿಲ್ಲ.

ಇದು ಕಥೆಗಾರನ ಅತಿಶಯೋಕ್ತಿಯಲ್ಲ. ಅಮೆರಿಕಾ ಸರ್ಕಾರ 1980ರಲ್ಲಿ ನಿರಾಶ್ರಿತರ ಶಾಸನವೊಂದನ್ನು ಅಂಗೀಕರಿಸಿ, ಸ್ವದೇಶದಲ್ಲಿ ಹಿಂಸೆಗೆ ಗುರಿಯಾಗುವ ಭೀತಿಯುಳ್ಳವರಿಗೆ ಆಶ್ರಯ ಕೊಡುವುದಾಗಿ ಹೇಳಿತ್ತು. ಆದರೆ ಗ್ವಾಟೆಮಾಲಾದ ಸೈನ್ಯಾಧಿಪತ್ಯ ಅಮೆರಿಕದ ಸ್ನೇಹಪಕ್ಷದಲ್ಲಿದ್ದುದರಿಂದ, ಅಲ್ಲಿಂದ ಓಡಿಬಂದವರನ್ನು ನಿರಾಶ್ರಿತರೆಂದು ಒಪ್ಪಿಕೊಳ್ಳುವುದು ಆ ಸ್ನೇಹಿತನ ಮೇಲೆ ತಾನೇ ದೋಷಾರೋಪಣೆ ಮಾಡಿದಂತಾಗುತ್ತಿತ್ತು. ಹಾಗಾಗಿ ಅವರಲ್ಲಿ ಬಹುಪಾಲು ಮಂದಿ ಹೊಟ್ಟೆಪಾಡಿಗೆ ಬಂದವರೆಂದೇ ಪರಿಗಣಿತರಾದರು. 1984ರಲ್ಲಿ ಗ್ವಾಟೆಮಾಲಾದವರ ಆಶ್ರಯದ ಅರ್ಜಿಗಳಲ್ಲಿ ಮನ್ನಣೆ ದೊರೆತದ್ದು ಶೇಕಡಾ 3ಕ್ಕೂ ಕಡಿಮೆ. ಈ ಅನ್ಯಾಯವನ್ನು ಸಹಿಸದ ಕೆಲವು ಕ್ರೈಸ್ತ ದೇವಾಲಯಗಳು 1982ರಿಂದ ಬಹಿರಂಗವಾಗಿಯೇ ಬಾಗಿಲು ತೆರೆದು ಓಡಿಬಂದವರನ್ನು ಒಳಗಿರಿಸಿಕೊಂಡವು. ನ್ಯಾಯಾಲಯದಲ್ಲಿ ದಾವೆಯೂ ನಡೆದು, 1991ರಲ್ಲಿ ಸರ್ಕಾರ ರಾಜಿಗೆ ಒಪ್ಪಿ, ಆ ಹಳೆಯ ಅರ್ಜಿಗಳನ್ನು ಹೊಸದಾಗಿ ವಿಚಾರಿಸಬೇಕಾಯಿತು. ರೋಸಾ, ಎನ್ರಿಕೆಯರಂಥವರಿಗೆ 1983ರಲ್ಲಿ ಆ ರಾಜಿಯ ಆಸರೆ ಇನ್ನೂ ಇರಲಿಲ್ಲ.

ಎರಡನೆಯ ಯತ್ನದಲ್ಲಿ ಅವರು ಕೈಬಿಟ್ಟ ಚರಂಡಿಯ ಕೊಳವೆಯೊಂದರೊಳಗೆ ಮೊಳಕಾಲೂರಿ ತೆವಳುತ್ತ ಗಡಿ ದಾಟುತ್ತಾರೆ. ದಾಟಿಸುವವನ ಕೂಲಿಗಾಗಿ ರೋಸಾ ತಾಯಿಯ ಬೆಳ್ಳಿಯ ಸರವನ್ನು ಮಾರಿದ್ದಾಳೆ. ಕೊಳವೆಯ ನಡುವೆ ಇಲಿಗಳ ಹಿಂಡು ಅವರ ಮೈಮೇಲೆ ಹರಿದು ಕಚ್ಚುತ್ತದೆ. ಚಿತ್ರೀಕರಣದಲ್ಲಿ ಬಳಸಿದ್ದು ನಿಜವಾದ ಇಲಿಗಳನ್ನೇ. ಈ ದೃಶ್ಯವನ್ನು ಕಂಡವರು ಮರೆಯುವುದು ಕಷ್ಟ. ನನಗೆ ಮಾತ್ರ ಅದಕ್ಕಿಂತ ಮರೆಯಲಾಗದ್ದು ಆ ಬಳಿಕದ ಕ್ಷಣ: ಕೊಳವೆಯಿಂದ ಹೊರಬಂದ ಇಬ್ಬರೂ ಗುಡ್ಡದ ಮೇಲೆ ನಿಂತು ಕೆಳಗೆ ಸಾನ್ ಡಿಯೇಗೊ ನಗರದ ದೀಪಗಳು ಹರಡಿಕೊಂಡಿರುವುದನ್ನು ನೋಡುತ್ತಾರೆ. ಹಳ್ಳಿಯಲ್ಲಿ ಹೋಸೆಫೀತಾ ಎಂಬ ಹಿರಿಯಳು ಅಮೆರಿಕದ ಗೃಹಿಣಿಯರ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ವರ್ಷಗಟ್ಟಲೆ ತಿರುವಿಹಾಕಿ, ಅಲ್ಲಿ ಬಡವರ ಮನೆಯಲ್ಲಿಯೂ ವಿದ್ಯುದ್ದೀಪವುಂಟು, ನೀರು ತಾನಾಗಿ ಹರಿಯುವ ಶೌಚಗೃಹವುಂಟು ಎಂದು ಬಣ್ಣಿಸಿದ್ದಳಲ್ಲ, ಆ ಬಣ್ಣನೆಯೇ ಬೆಳಕಾಗಿ ಕಾಲಬುಡದಲ್ಲಿ ಬಿದ್ದಂತಿರುತ್ತದೆ.

ಅಲ್ಲಿಂದ ಮುಂದೆ ಲಾಸ್ ಏಂಜಲೀಸಿನಲ್ಲಿ ಇಂಗ್ಲಿಷ್ ಭಾಷೆ ಅವರನ್ನು ಎದುರುಗೊಳ್ಳುತ್ತದೆ. ಅಣ್ಣತಂಗಿಯರಿಬ್ಬರೂ ಇಂಗ್ಲಿಷ್ ಕಲಿಯುವ ತರಗತಿಗೆ ಸೇರುತ್ತಾರೆ. ಮಾತು ಬೆಳೆದಂತೆ ಎನ್ರಿಕೆಯ ಅದೃಷ್ಟವೂ ಬೆಳೆಯುತ್ತದೆ. ಸಿರಿವಂತರ ಹೋಟೆಲೊಂದರಲ್ಲಿ ಎಂಜಲು ತಟ್ಟೆ ಎತ್ತುವ ಕೆಲಸಕ್ಕೆ ಸೇರಿದವನು ಬಲುಬೇಗ ಬಿಳಿಯ ಅಂಗಿ, ಕಪ್ಪು ಬೋ ತೊಟ್ಟು ಮೇಜಿನ ಬಳಿಗೆ ಬರುತ್ತಾನೆ. ರೋಸಾಳಿಗೆ ಮೊದಲು ದೊರೆತದ್ದು ಬಟ್ಟೆ ಹೊಲಿಯುವ ಕಾರ್ಖಾನೆಯ ಕೆಲಸ. ವಲಸೆ ಪೊಲೀಸರು ದಾಳಿಯಿಟ್ಟ ದಿನ ಅದು ಹೋಗುತ್ತದೆ. ಅಲ್ಲಿ ಪರಿಚಯವಾದ ನಾಚಾ ಎಂಬಾಕೆ ಅವಳನ್ನು ಮನೆಗೆಲಸಕ್ಕೆ ಕರೆದೊಯ್ಯುತ್ತಾಳೆ. ನಾಚಾಳ ಪಾತ್ರವನ್ನು ವಹಿಸಿದ ಲೂಪೆ ಒಂತಿವೆರೊಸ್ ಎಂಥ ನಟಿಯೆಂದರೆ, ಅವಳು ತೆರೆಯ ಮೇಲಿರುವಷ್ಟು ಹೊತ್ತೂ ರೋಸಾಳಿಗೆ ಒಬ್ಬ ಅಕ್ಕ ಇದ್ದಾಳೆಂಬ ಧೈರ್ಯ ನೋಡುವವರಿಗೂ ಇರುತ್ತದೆ.

ಬಟ್ಟೆ ಒಗೆಯುವ ಯಂತ್ರದ ದೃಶ್ಯ ಬರುವುದು ಇಲ್ಲಿ. ಮನೆಯೊಡತಿ ಕೆಟ್ಟವಳಲ್ಲ, ನಿಜಕ್ಕೂ ಒಳ್ಳೆಯವಳು. ಯಂತ್ರದ ಗುಂಡಿಗಳನ್ನು ಒಂದೊಂದಾಗಿ ಒತ್ತಿ, ಇದು ಬಿಳಿಯ ಬಟ್ಟೆಗೆ, ಇದು ನಾಜೂಕು ಬಟ್ಟೆಗೆ, ಇದು ಬಿಸಿನೀರಿಗೆ ಎಂದು ಇಂಗ್ಲಿಷಿನಲ್ಲಿ ವೇಗವಾಗಿ ವಿವರಿಸುತ್ತಾಳೆ. ಯಂತ್ರವೂ ಅವಳ ಜೊತೆಗೆ ಕಿರುಗುಟ್ಟುತ್ತದೆ. ರೋಸಾ ತಲೆಯಾಡಿಸುತ್ತಾಳೆ. ಸ್ವಲ್ಪ ಹೊತ್ತಿನ ಮೇಲೆ ಒಡತಿ ಹೊರಗೆ ಬಂದು ನೋಡಿದರೆ ರೋಸಾ ಕೈಯಲ್ಲೇ ಉಜ್ಜಿ ಒಗೆದ ಬಟ್ಟೆಗಳನ್ನು ಹಸುರುಹುಲ್ಲಿನ ಮೇಲೆ ಬಿಸಿಲಿಗೆ ಹರವಿದ್ದಾಳೆ. ಒಡತಿಗೆ ಅದು ಅಜ್ಞಾನವಾಗಿಯೂ ತನ್ನ ಮನೆಯ ಅಂದಕ್ಕೆ ಕುಂದಾಗಿಯೂ ಕಾಣುತ್ತದೆ. ರೋಸಾಳಿಗಾದರೋ ಅದು ತಾಯಿ ಕಲಿಸಿದ ಅಚ್ಚುಕಟ್ಟಾದ ಕೆಲಸ. ಇಬ್ಬರಲ್ಲಿ ಯಾರದ್ದೂ ತಪ್ಪಿಲ್ಲ. ಹೊಳೆಯ ಕಲ್ಲಿನ ಮೇಲೆ ಬಟ್ಟೆ ಒಗೆದು ಮರಳಿನ ಮೇಲೆ ಒಣಹಾಕಿದ ಯಾವ ಹೆಂಗಸಿಗೂ ರೋಸಾಳ ಮನಸ್ಸನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಸಂಸ್ಕೃತಿಯ ವಿವೇಕ ಮತ್ತೊಂದರ ಅಂಗಳದಲ್ಲಿ ಮೂರ್ಖತನವಾಗಿ ತೋರುವ ಬಗೆಯನ್ನು ಇಷ್ಟು ಸರಳವಾಗಿ, ಯಾರನ್ನೂ ಹೀಯಾಳಿಸದೆ ತೋರಿಸಿದ ದೃಶ್ಯವನ್ನು ನಾನು ಹೆಚ್ಚು ಕಂಡಿಲ್ಲ.

ಇಂಥ ಚಿತ್ರವನ್ನು ತೆಗೆಯುವುದಕ್ಕೆ ದೊಡ್ಡ ಸ್ಟುಡಿಯೋಗಳ ಹಣ ಹುಟ್ಟಲಿಲ್ಲ. ಇಂಗ್ಲಿಷಿನಲ್ಲೇ ತೆಗೆಯಿರಿ, ಹೆಸರಾಂತ ತಾರೆಯರನ್ನು ಹಾಕಿಕೊಳ್ಳಿ ಎಂಬ ಸಲಹೆಗಳು ಬಂದವೆಂದು ನಾವಾ ಹೇಳಿಕೊಂಡಿದ್ದಾರೆ. ಅವರು ಒಪ್ಪಲಿಲ್ಲ. ಸಾರ್ವಜನಿಕ ದೂರದರ್ಶನದ ‘ಅಮೆರಿಕನ್ ಪ್ಲೇಹೌಸ್’ ಎಂಬ ಮಾಲಿಕೆಯ ನೆರವು ಒದಗಿ, ಹತ್ತು ಲಕ್ಷ ಡಾಲರಿಗೂ ಕಡಿಮೆ ವೆಚ್ಚದಲ್ಲಿ ಚಿತ್ರ ಮುಗಿಯಿತು. ಗ್ವಾಟೆಮಾಲಾದಲ್ಲಿ ಚಿತ್ರೀಕರಿಸುವುದು ಊಹೆಗೂ ನಿಲುಕದ ಮಾತಾಗಿತ್ತಾದ್ದರಿಂದ ಹಳ್ಳಿಯ ಭಾಗವನ್ನು ಅದರ ನೆರೆಯ ಚಿಯಾಪಸ್ ಮೊದಲಾದ ಮೆಕ್ಸಿಕೋ ಪ್ರಾಂತಗಳಲ್ಲಿ ತೆಗೆದರು. ಅಲ್ಲಿಯೂ ಬಂದೂಕು ಹಿಡಿದವರ ಕಾಟ, ಒತ್ತೆಹಣ, ತೆಗೆದ ರೀಲುಗಳನ್ನು ಕಾಪಾಡಿಕೊಳ್ಳುವ ಪಾಡು. ಕಡೆಗೆ ಉಳಿದ ಭಾಗವನ್ನು ಕ್ಯಾಲಿಫೋರ್ನಿಯಾದಲ್ಲಿ ಹಳ್ಳಿಯನ್ನು ಮರುಕಟ್ಟಿ ಮುಗಿಸಬೇಕಾಯಿತು. ಎನ್ರಿಕೆಯಾಗಿ ನಟಿಸಿದ ದಾವಿದ್ ವಿಯಾಲ್ಪಾಂದೊ, ರೋಸಾ ಆಗಿ ನಟಿಸಿದ ಸೈದೆ ಸಿಲ್ವಿಯಾ ಗುತಿಯೆರೆಸ್ ಇಬ್ಬರೂ ಮೆಕ್ಸಿಕೋದ ಕಲಾವಿದರು. ಅಂದು ಹೊರಗಿನವರಿಗೆ ಅಪರಿಚಿತರು. ಮಾಯಾ ಜನರ ಕಥೆಯಲ್ಲಿ ಮಾಯಾ ಕಲಾವಿದರಿಗೆ ಪ್ರಧಾನ ಪಾತ್ರಗಳು ದೊರೆಯದೆ ಹೋದುದು ಕೊರತೆಯೇ ಸರಿ. ಆ ತಾರುಣ್ಯದ ಮುಖಗಳಲ್ಲಿ ಮೂಡುವ ಭಾವ ಎಷ್ಟು ನಿಷ್ಕಪಟವಾಗಿದ್ದರೂ ಈ ಕೊರತೆಯನ್ನು ಹೇಳದೆ ಬಿಡುವುದು ನ್ಯಾಯವಲ್ಲ.

ಚಿತ್ರದ ಕೊನೆಯ ಭಾಗ ಅತಿಭಾವುಕವಾಯಿತೆಂದು ಕೆಲವರು ಆಕ್ಷೇಪಿಸಿದ್ದುಂಟು. ಹೋಟೆಲಿನ ಸಹೋದ್ಯೋಗಿಯೊಬ್ಬ, ತಾನು ಮೆಕ್ಸಿಕೋ ಮೂಲದವನೇ ಆಗಿದ್ದೂ, ಅಸೂಯೆಯಿಂದ ಎನ್ರಿಕೆಯ ಸುಳಿವನ್ನು ವಲಸೆ ಇಲಾಖೆಗೆ ಕೊಡುತ್ತಾನೆ, ಕೆಲಸ ಹೋಗುತ್ತದೆ. ಅದೇ ಹೊತ್ತಿಗೆ ದೂರದ ಶಿಕಾಗೋದಲ್ಲಿ, ಕಾಯಂ ಪರವಾನಗಿಯ ಆಸೆಯೊಡನೆ, ಒಳ್ಳೆಯ ಕೆಲಸವೊಂದು ಎನ್ರಿಕೆಗೆ ಒದಗುತ್ತದೆ; ಆದರೆ ತಂಗಿಯನ್ನು ಕರೆದೊಯ್ಯುವಂತಿಲ್ಲ. ಆಗಲೇ ರೋಸಾ ಹಾಸಿಗೆ ಹಿಡಿಯುತ್ತಾಳೆ. ಕೊಳವೆಯಲ್ಲಿ ಇಲಿಗಳಿಂದ ಅಂಟಿದ ಟೈಫಸ್ ಜ್ವರ ಅದು. ಆಸ್ಪತ್ರೆಗೆ ಹೋದರೆ ಹಿಡಿದು ಹೊರಗಟ್ಟುತ್ತಾರೆಂಬ ಭಯದಿಂದ ಅವಳು ತಡೆದು ತಡೆದು, ಕೈಮೀರಿದ ಮೇಲೆ ಹೋಗುತ್ತಾಳೆ. ಘಟನೆಗಳು ಇಲ್ಲಿ ಒಂದರ ಮೇಲೊಂದು ಬಂದು ಬೀಳುತ್ತವೆಂಬುದು ನಿಜ. ಆದರೆ ಕಾಗದವಿಲ್ಲದವರ ಬಾಳಿನಲ್ಲಿ ಒಂದು ಆಪತ್ತು ಮತ್ತೊಂದನ್ನು ಕರೆದುಕೊಂಡೇ ಬರುತ್ತದೆ. ಜ್ವರಕ್ಕೆ ವೈದ್ಯನಲ್ಲಿಗೆ ಹೋಗಲಾರದವನಿಗೆ ಜ್ವರವೇ ಮೃತ್ಯು. ಆದಕಾರಣ ಆಕ್ಷೇಪವನ್ನು ನಾನು ಪೂರ್ಣವಾಗಿ ಒಪ್ಪಲಾರೆ.

ಮರಣಶಯ್ಯೆಯಲ್ಲಿ ರೋಸಾ ಅಣ್ಣನೊಡನೆ ಆಡುವ ಮಾತು ಮೆಲುದನಿಯದು. ಹುಟ್ಟಿದೂರಿನಲ್ಲಿ ಇರಗೊಡಲಿಲ್ಲ, ಕೊಲ್ಲಬಂದರು. ಮೆಕ್ಸಿಕೋದಲ್ಲಿ ಕಂಡದ್ದು ಬಡತನವೊಂದೇ. ಈ ಬಡಗಣ ನಾಡೂ ನಮ್ಮನ್ನು ಒಪ್ಪಲಿಲ್ಲ. ಹಾಗಾದರೆ ನಮ್ಮ ಮನೆ ಎಲ್ಲಿದೆ, ಸತ್ತ ಮೇಲೆಯೇ ಸಿಕ್ಕೀತೆ, ಎಂದು ಅವಳು ಕೇಳುತ್ತಾಳೆ. ನಮ್ಮ ನುಡಿಯಲ್ಲಿ ಉತ್ತರವೆಂದರೆ ದಿಕ್ಕೂ ಹೌದು, ಕೇಳಿದ್ದಕ್ಕೆ ಕೊಡುವ ಮರುಮಾತೂ ಹೌದು. ಉತ್ತರಕ್ಕೆಂದು ಹೊರಟು ಬಂದವಳ ಪ್ರಶ್ನೆಗೆ ಅಲ್ಲಿ ಉತ್ತರ ಕೊಡುವವರಿಲ್ಲ. ಅವಳ ಜ್ವರದ ಕನಸುಗಳಲ್ಲಿ ಬಿಳಿಯ ಹೂ, ಊರಿನ ಅಂಗಳ, ತಂದೆ, ತಾಯಿ.

ಬಳಿಕ ಎನ್ರಿಕೆ, ದಿನಗೂಲಿಗಾಗಿ ಕಾಯುವವರ ನಡುವೆ ಬೆಳಗಿನಲ್ಲಿ ನಿಂತಿರುತ್ತಾನೆ. ಲಾರಿಯೊಡನೆ ಬಂದ ಗುತ್ತಿಗೆದಾರ ಬೇಕಾದವರನ್ನು ಬೆರಳಿನಿಂದ ಆರಿಸುತ್ತಿರುವಾಗ ಈ ಹುಡುಗ ಮುಂದಕ್ಕೆ ನುಗ್ಗಿ, ನನ್ನನ್ನು ಕರೆದುಕೊಳ್ಳಿ, ನನ್ನ ರಟ್ಟೆ ಗಟ್ಟಿಯಾಗಿದೆ ಎಂದು ಕೂಗುತ್ತಾನೆ. ಎರಡು ಗಡಿ ದಾಟಿ, ತಾಯ್ನುಡಿಯನ್ನು ಹಿಂದೆ ಬಿಟ್ಟು, ಬೈಗುಳವನ್ನು ಕಲಿತು, ಇಂಗ್ಲಿಷನ್ನು ಕಲಿತು, ಕಡೆಗೆ ಅವನು ತನ್ನ ಬಾಯಿಂದಲೇ ಹೇಳಿದ ಮಾತು ತಂದೆ ಯಾವುದರ ವಿರುದ್ಧ ಪ್ರಾಣ ಕೊಟ್ಟನೋ ಅದೇ. ಚಿತ್ರ ಅವನನ್ನು ಗುದ್ದಲಿಯ ಕೆಲಸದಲ್ಲಿ ಬಿಟ್ಟು, ಮರದಲ್ಲಿ ತೂಗುವ ತಂದೆಯ ರುಂಡವನ್ನು ಮತ್ತೊಮ್ಮೆ ತೋರಿಸುತ್ತದೆ.

ಪ್ರಸಿದ್ಧ ವಿಮರ್ಶಕ ರೋಜರ್ ಈಬರ್ಟ್ ಇದನ್ನು ಹಿಂದಿನ ತಲೆಮಾರಿನ ‘ದಿ ಗ್ರೇಪ್ಸ್ ಆಫ್ ರಾತ್’ ಚಿತ್ರಕ್ಕೆ ಸಮಾನವೆಂದು ಕೊಂಡಾಡಿದರು; ಮೂಲ ಚಿತ್ರಕಥೆಗಾಗಿ ಆಸ್ಕರ್ ಪ್ರಶಸ್ತಿಗೆ ಇದರ ಹೆಸರು ಸೂಚಿತವಾಯಿತು; 1995ರಲ್ಲಿ ಅಮೆರಿಕದ ಸಂಸದೀಯ ಗ್ರಂಥಾಲಯವು ಇದನ್ನು ರಾಷ್ಟ್ರದ ಸಂರಕ್ಷಿತ ಚಲನಚಿತ್ರಗಳ ಪಟ್ಟಿಗೆ ಸೇರಿಸಿಕೊಂಡಿತು. ಇದನ್ನು ನೋಡಬಯಸುವ ಓದುಗರಲ್ಲಿ ನನ್ನದೊಂದು ಬಿನ್ನಹವಿದೆ. ಬೇರೆ ದನಿ ಕೂಡಿಸದ ಮೂಲ ಪ್ರತಿಯನ್ನೇ ನೋಡಿ. ಹಳ್ಳಿಯ ಮನೆಯ ಆ ಮೊದಲ ದೃಶ್ಯಗಳಲ್ಲಿ, ತೆರೆಯ ಕೆಳಗಿನ ಅಕ್ಷರಗಳನ್ನು ಓದುವ ಅವಸರವನ್ನು ಸ್ವಲ್ಪ ತಡೆದು, ಆ ತಾಯಿ, ಆ ತಂದೆ, ಆ ಮಕ್ಕಳು ಮಾತನಾಡುವುದನ್ನು ಸುಮ್ಮನೆ ಕಿವಿಗೊಟ್ಟು ಕೇಳಿ. ಆ ದನಿ ಚಿತ್ರದಲ್ಲಿ ಮತ್ತೆ ಅಷ್ಟು ನಿಶ್ಚಿಂತವಾಗಿ ಕೇಳಿಬರುವುದಿಲ್ಲ.